ಪಿ.ಪಿ. ಕಿಂಡಿ

ಈಗ ಗೇಟಿಗೆ ಫಲಕ ಬಂದಿದೆ, ಸಂರಕ್ಷಿತ ಮನೆ ಎಂದು.
ಮೊದಲು ಸಭೆಯಲ್ಲಿ ನಕ್ಕಿದ್ದರು.
"ಐವತ್ತೇಳರ ಮನೆ ಪರಂಪರೆಯೇ?
ನಮ್ಮ ಮನೆಯವಳು ಅದಕ್ಕಿಂತ ಎರಡು ವರ್ಷ ಹಿರಿಯಳು,
ಅವಳಿಗೂ ಒಂದು ಫಲಕ ಹಾಕಿಸೋಣ" ಎಂದರೊಬ್ಬರು.
ಚಹಾ ಬಂತು, ಬಿಸ್ಕತ್ತು ಬಂತು.
ಅರಮನೆಯಲ್ಲ, ಬಂಗಲೆಯಲ್ಲ,
ದೊಡ್ಡವರು ಯಾರೂ ಅಲ್ಲಿ ಹುಟ್ಟಿಲ್ಲ, ಭಾಷಣ ಮಾಡಿಲ್ಲ.
ಕೊನೆಗೆ, ಅಳೆದು ತನ್ನಿ ನೋಡೋಣ, ಎಂದು
ಟೇಪು, ನಮೂನೆ, ಪೆನ್ಸಿಲು ಕೊಟ್ಟು
ನನ್ನನ್ನೇ ಕಳಿಸಿದರು ಜಯನಗರಕ್ಕೆ.

ಆ ಮನೆ ನನಗೆ ಗೊತ್ತೆಂದು ನಾನು ಹೇಳಲಿಲ್ಲ.

ಬರೆದುಕೊಂಡೆ:
ಕೆಂಪು ಗಾರೆ ನೆಲ, ಮುಖ ಕಾಣುವಷ್ಟು ನುಣುಪು,
ಅಂಚಿಗೆ ಕಪ್ಪು ಪಟ್ಟಿ, ಆರು ಅಂಗುಲ.
ಮೆಟ್ಟಿಲ ಪಕ್ಕ ಸಿಮೆಂಟಿನ ಜಾಲಿ,
ಹತ್ತು ಗಂಟೆಗೆ ಅದರ ನೆರಳು
ಗೋಡೆಯ ಮೇಲೆ ಬರೆದ ಚೌಕಾಬಾರ.
ಗ್ರಿಲ್ಲಿನಲ್ಲಿ ಹುಟ್ಟುವ ಸೂರ್ಯ, ಹನ್ನೊಂದು ಕಿರಣ;
ಹನ್ನೆರಡನೆಯದನ್ನು ಯಾರೋ ಮುರಿದು
ಗುಜರಿಗೆ ಹಾಕಿದರಂತೆ.

ಇಂದುಮತಿಯವರು ಹಿಂದೆ ಹಿಂದೆಯೇ ಬಂದರು.
"ಬಿಲ್ಡರು ದಿನಾ ಬರ್ತಾನೆ. ಕೆಳಗೆ ಕಾರು, ಮೇಲೆ ನಾಲ್ಕು ಅಂತಸ್ತು,
ಎರಡು ನಮಗಂತೆ. ಆಗಲ್ಲ ಅಂದೆ.
ಅಪ್ಪ ನಿಂತು ಕಟ್ಟಿಸಿದ್ದು, ಒಂದೊಂದು ಇಟ್ಟಿಗೇನೂ ನೆನೆಸಿ, ಎಣಿಸಿ..."
ಆಮೇಲೆ ದನಿ ತಗ್ಗಿಸಿ:
"ಇದೊಂದು ಬರೀಬೇಡಿ. ಮುಚ್ಚಿಸಿಬಿಡ್ತೀನಿ."

ಇದು, ಹಜಾರಕ್ಕೂ ಜಗಲಿಗೂ ನಡುವಣ ಗೋಡೆಯಲ್ಲಿ
ಒಂದಡಿ ಅಗಲ, ಒಂದೂಕಾಲಡಿ ಎತ್ತರದ ಕಿಂಡಿ.
ತೇಗದ ಪುಟ್ಟ ಬಾಗಿಲು, ಅಗಳಿ ಒಳಗಡೆ.
ಬೀದಿಗೆಲ್ಲ ಒಂದೇ ಫೋನು ಆಗ.
ಮದುವೆ ಕಾಗದದಲ್ಲಿ, ಕೆಲಸದ ಅರ್ಜಿಯಲ್ಲಿ
ಎಲ್ಲರೂ ಬರೆಯುತ್ತಿದ್ದದ್ದು ಇವರ ನಂಬರು, ಪಕ್ಕದಲ್ಲಿ ಪಿ.ಪಿ.
ಟೆಲಿಫೋನ್ ಇಲಾಖೆಯ ಶ್ರೀಪಾದರಾಯರು
ನಡುರಾತ್ರಿ ಟ್ರಂಕ್ ಕಾಲ್ ಬಂದರೂ
ಛತ್ರಿ ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಕೊನೆಯ ಮನೆವರೆಗೂ ನಡೆದು
ಕದ ತಟ್ಟಿ ಕರೆಯುತ್ತಿದ್ದರು.
ಬಂದವರು ಜಗಲಿಯವರೆಗೆ.
ರಿಸೀವರು ಕಿಂಡಿಯಾಚೆಗೆ.

ನನಗೆ ಒಂಬತ್ತು. ಈ ಮನೆಯ ಪಾತ್ರೆಗಳನ್ನು
ಹಿತ್ತಿಲಲ್ಲಿ ತೊಳೆದು ಬೋರಲು ಹಾಕುತ್ತಿದ್ದ
ಅಮ್ಮ ಮುನಿಲಕ್ಷ್ಮಮ್ಮ ಆವತ್ತು ವಾಣಿವಿಲಾಸದಲ್ಲಿ.
ತುದಿಗಾಲಲ್ಲಿ ನಿಂತೆ. ಗದ್ದಕ್ಕೆ ಕಲ್ಲು ತಗುಲಿತು.
ಕರಿ ರಿಸೀವರು ನನ್ನ ಮುಖಕ್ಕಿಂತ ಉದ್ದ,
ಅದರೊಳಗೆ ಅಪ್ಪ, ಬಾವಿಗಿಳಿದು ಕೂಗಿದಂತೆ:
"ತಂಗಿ ಹುಟ್ಟವ್ಳೆ ಕಣಮ್ಮಿ, ಥೇಟ್ ನಿನ್ ಮೂಗು!"
ಕುಣಿದೆ. ರಾಯರೂ ನಕ್ಕರು,
ಕಲ್ಲುಸಕ್ಕರೆ ಕೊಟ್ಟರು, ಮೇಲಿಂದ, ಅಂಗೈಗೆ ಬೀಳುವ ಹಾಗೆ.
ಬಾಗಿಲು ಮುಚ್ಚುವ ಮುನ್ನ ಕಂಡೆ:
ಒದ್ದೆ ಬಟ್ಟೆಯಲ್ಲಿ ರಿಸೀವರನ್ನು
ಎರಡು ಸಲ ಒರೆಸಿದರು.

ತಂಗಿಗೆ ಈಗ ನಲವತ್ತು ದಾಟಿತು.
ಸಕ್ಕರೆಯ ಕತೆ ಹೇಳಿದ್ದೇನೆ ಅವಳಿಗೆ, ಎಷ್ಟೋ ಸಲ.
ಬಟ್ಟೆಯದು ಹೇಳಿಲ್ಲ.

ನಮೂನೆಯ ಎಂಟನೆಯ ಕಲಂ: ಉಳಿಸಬೇಕಾದ ಅಂಶಗಳು.
ನೆಲ ಬರೆದೆ. ಜಾಲಿ ಬರೆದೆ. ಹನ್ನೊಂದು ಕಿರಣ ಬರೆದೆ.
ಕಿಂಡಿ ಬರೆದೆ; ಮುಚ್ಚಕೂಡದು ಎಂದೂ ಬರೆದೆ.
ಕೆಳಗಿನ ಚಪ್ಪಡಿಯಲ್ಲಿ ಜಗಲಿ ಕಡೆಯ ಅಂಚು
ಮೊಣಕೈಗಳಿಗೆ ಸವೆದು ಕಾಲಂಗುಲ ತಗ್ಗಿದೆ,
ಒಳಗಿನ ಅಂಚು ಹಾಗೇ ಇದೆ, ಉಳಿಯ ಗುರುತಿನ ಸಮೇತ.

"ಜನ ಅಪ್ಪನ್ನ ಏನಂದ್ಕೋತಾರೋ" ಎಂದರು ಇಂದುಮತಿ.
"ಮಳೇಲಿ ನಡಕೊಂಡು ಹೋಗಿ ಕರೀತಿದ್ರು, ಅದನ್ನೂ ಬರೀತೀನಿ."
"ನಿಮಗೆ ಹೇಗೆ ಗೊತ್ತು?"
ಹೇಳಿದೆ. ಅಮ್ಮನ ಹೆಸರು ಹೇಳಿದೆ.
ತುಂಬ ಹೊತ್ತು ನನ್ನ ಮುಖ ನೋಡಿದರು.
ಒಳಗೆ ಹೋಗಿ ಕಾಫಿ ತಂದು,
ಏನೋ ಯೋಚಿಸುತ್ತ, ಕೈಗೆ ಸಿಕ್ಕ ಜಾಗ ಅದೇ ಆಗಿ,
ಲೋಟವನ್ನು ಕಿಂಡಿಯ ಕಲ್ಲಿನ ಮೇಲಿಟ್ಟರು.

ನಾನು ಈ ಬದಿ ಇದ್ದೆ.
ಜಗಲಿಗೆ ಹೋಗಿ ಟೇಪಿನ ತುದಿ ಹಿಡಿಯಿರಿ ಎಂದೆ.
ಹೋದರು. ಕಿಂಡಿಯಾಚೆಯಿಂದ ಕೈ ಚಾಚಿ ಹಿಡಿದರು.
ಗೋಡೆಯ ದಪ್ಪ
ಹದಿಮೂರೂವರೆ ಅಂಗುಲ.