ತೂಗುಗುಂಡು

ಹಿತ್ತಾಳೆಯದು. ಎಳೆ ಬದನೆಕಾಯಿಯಷ್ಟು.
ಮೊನೆ ಸವೆದು ಮೊಂಡಾಗಿದೆ.
ನೆತ್ತಿಯ ತೂತು ಮಾತ್ರ
ದಾರ ಉಜ್ಜಿ ಉಜ್ಜಿ ಹೊಳೆಯುತ್ತದೆ.

ಮುತ್ತಜ್ಜ ಯಲಗೂರಪ್ಪ ತಾಳಿಕೋಟೆ ಬಿಟ್ಟು
ಲೋಂಡಾದಲ್ಲಿ ಗಾಡಿ ಹತ್ತಿದಾಗ
ರುಮಾಲಿನ ಚುಂಗಿನಲ್ಲಿತ್ತಂತೆ.
ಆಗ ಹತ್ತಿಯ ಹುರಿ.
ಅಜ್ಜ ಭೀಮಶಿಯ ಕಾಲಕ್ಕೆ ಮೀನುಬಲೆಯ ನೈಲಾನು,
ಖಾರಿವಾಡೆಯ ದಕ್ಕೆಯಲ್ಲಿ ಬಿದ್ದು ಸಿಕ್ಕಿದ್ದು.
ಅಪ್ಪ ಕಟ್ಟಿದ್ದು ಅವ್ವನ ಲಂಗದ ಲಾಡಿ,
ಸೀಳಿ, ಹೊಸೆದು, ಬೈಸಿಕೊಂಡು.

ವಾಸ್ಕೋದ ಎಷ್ಟೋ ಗೋಡೆ
ಇದರ ಮಾತು ಕೇಳಿ ನೆಟ್ಟಗೆ ನಿಂತಿವೆ:
ಬ್ಯಾಂಕಿನದು, ಗೋದಾಮಿನದು,
ಇಗರ್ಜಿಯ ಹಿಂದಿನ ಶಾಲೆಯದು.
ಆ ಶಾಲೆಯಲ್ಲೇ ನನ್ನನ್ನು ಘಾಂಟಿ ಎಂದರು.
ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ.
ಕಟ್ಟಿದ್ದು ಯಾರೆಂದು ಹೇಳಲಿಲ್ಲ.

ಮಾಂಗೋರ ಗುಡ್ಡದ ನಮ್ಮ ಮನೆಗೆ
ನಿನ್ನೆ ತಮ್ಮ ಲೇಸರ್ ಯಂತ್ರ ತಂದ.
ಚಿರೇಕಲ್ಲಿನ ಮೇಲೆ ಕೆಂಪು ಗೆರೆ ಎದ್ದಿತು,
ದಾರವಿಲ್ಲ, ಭಾರವಿಲ್ಲ.
"ಅಕ್ಕಾ, ಎರಡ ಬೆರಳ ವಾಲೇತಿ!"

ನಂಬದೆ ಟ್ರಂಕಿನ ತಳದಿಂದ ಗುಂಡು ತೆಗೆದೆ.
ಸ್ಟೂಲು ಹತ್ತಿ ಇಳಿಬಿಟ್ಟೆ.
ಅತ್ತ ತೂಗಿತು, ಇತ್ತ ತೂಗಿತು,
ಹೇಳಲೋ ಬೇಡವೋ ಎಂಬಂತೆ.
ನಿಂತಿತು.
ಎರಡೇ ಬೆರಳು.

ಗೌಂಡಿಗಳ ಮನೆ! ತಮ್ಮ ಬಿದ್ದು ಬಿದ್ದು ನಕ್ಕ.

ಅವ್ವ ರೊಟ್ಟಿ ತಿರುವುತ್ತಿದ್ದಳು.
ಮುಖ ತಿರುವಲಿಲ್ಲ.
"ಆ ಗ್ವಾಡಿ ಏರೂ ಮುಂದ ಗುಂಡ ಮನ್ಯಾಗ ಎಲ್ಲಿತ್ತು?
ಇಕಿ ಹೊಟ್ಟ್ಯಾಗಿದ್ಲು, ನನಗ ಕಾಮಣಿ.
ನಿಮ್ಮಜ್ಜ ಮುಕಾದಮನ ಕಡೆ ಉಚಲ ತಂದ,
ಓಡಿ ಹೋಗೂದಿಲ್ಲಂತ ಗುರುತಿಗೆ ಗುಂಡ ಇಟ್ಟ.
ಮಳಿ ತಲಿಮ್ಯಾಲ ಬಂದಿತ್ತು.
ಹಗಲೆಲ್ಲ ಮಂದಿ ಗ್ವಾಡಿ,
ರಾತ್ರಿ ಬೀದಿದೀಪದ ಬೆಳಕಿನ್ಯಾಗ ಈ ಗ್ವಾಡಿ,
ಒಂದ ಕಣ್ಣ ಮುಚ್ಚಿ, ಬರೇ ಕಣ್ಣಳತಿಮ್ಯಾಲ."
ಆಮೇಲೆ, "ರೊಟ್ಟಿ ಆರ್ತಾವ, ಬರ್ರಿ."

ಕೆಡವಿ ಕಟ್ಟೋಣವೆಂದು ಬಂದಿದ್ದ ತಮ್ಮ
ಯಂತ್ರ ಆರಿಸಿದ. ಬ್ಯಾಟರಿ ಉಳಿಯಲಿ ಎಂದ.
ಊಟಕ್ಕೆ ಕೂತು ಇಬ್ಬರೂ
ಅದೇ ಗೋಡೆಗೆ ಒರಗಿದೆವು.

ಈವರೆಗೆ ಗಂಡುಮಕ್ಕಳ ಕೈ ಕಂಡದ್ದು ಅದು.
"ನೀನ ಇಟ್ಕೊ," ಎಂದ, ಕೈ ತೊಳೆಯುತ್ತ,
ನನಗೆ ಲೇಸರ್ ಇದೆಯೆಂದೋ,
ಅವ್ವನ ಮಾತು ಕೇಳಿಯೋ, ಕೇಳಲಿಲ್ಲ.

ಲಾಡಿ ಪಿಸಿದಿದೆ, ಬದಲಿಸಬೇಕು.
ನನ್ನ ಬ್ಯಾಗಿನಲ್ಲಿರುವುದು
ಆಫೀಸಿನ ಗುರುತುಚೀಟಿಯ ನೀಲಿ ಪಟ್ಟಿ.
ಈ ತೂತಿನಲ್ಲಿ ಅದು ಹೋಗುವುದಿಲ್ಲ.