ದಾರಿ ಬಿಡುವ ಜಾಗ

ಮೆಲ್ಲಗೆ ಇಷ್ಬೆಲ್, ಈ ತಿರುವಿನಾಚೆ ಕುರಿಗಳು ಮಲಗಿರುತ್ತವೆ.
ಡಾಂಬರು ಸಂಜೆವರೆಗೂ ಬಿಸಿಲು ಬಚ್ಚಿಟ್ಟುಕೊಳ್ಳುತ್ತದೆ, ಅವಕ್ಕದು ಗೊತ್ತು.
ಒಂದೇ ಗಾಡಿ ಹಿಡಿಸುವ ರಸ್ತೆ.
ಎದುರು ಗಾಡಿ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು,
ಅಗೋ ಆ ಬಿಳಿ ಹಲಗೆಯ ಪಕ್ಕಕ್ಕೆ.
ಸರಿದವರಿಗೆ ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತು. ಸಾಕು.
ಇಡೀ ಕೈ ಬೀಸುವವರು ಪ್ರವಾಸಿಗರು.

ಇಪ್ಪತ್ತೆಂಟು ವರ್ಷ ಇದೇ ಕಣಿವೆ, ಅಂಚೆಯ ಕೆಂಪು ವ್ಯಾನು,
ಮೂರನೇ ಗೇರಿನ ಬಿಕ್ಕಳಿಕೆ.
ಯಾವ ಮನೆಗೆ ಯಾವ ಕಾಗದ, ಯಾವ ನಾಯಿಗೆ ಯಾವ ಬಿಸ್ಕತ್ತು
ಎಲ್ಲ ಬಾಯಿಪಾಠ.
ಬೆಟ್ಟಗಳ ಹೆಸರು ಮಾತ್ರ ಈಗಲೂ ತಪ್ಪುತ್ತದೆ;
ಕನ್ನಡಿಯಲ್ಲಿ ಅವು ಹಿಂದೋಡುವುದನ್ನಷ್ಟೇ ಕಂಡವಳು.

ನಿಲ್ಲಿಸು. ರಸ್ತೆ ಇಲ್ಲಿಗೆ ಮುಗಿಯಿತು.
ಈ ತುಕ್ಕು ಹಿಡಿದ ಹಾಲಿನ ಕ್ಯಾನು
ಟಾರ್ಕ್ವಿಲನ ಅಂಚೆಪೆಟ್ಟಿಗೆ.
ಮನೆ ಮೇಲೆಲ್ಲೋ ಇತ್ತು, ನಾನು ಹತ್ತಿದವಳಲ್ಲ.
ಬಂದಾಗೆಲ್ಲ ಅವನೇ ಇಲ್ಲಿ, ಆಕಸ್ಮಿಕವೆಂಬಂತೆ,
ಟೋಪಿ ತೆಗೆದು, "ಹೀಗೇ ಇತ್ತ ಬಂದಿದ್ದೆ, ಮರ್ಡೀನಾ."
ಕಾಗದವೆಂದರೆ ಬರೀ ಕ್ಯಾಟಲಾಗು:
ದೋಣಿಯವು, ಜೇನುಪೆಟ್ಟಿಗೆಯವು, ಒಮ್ಮೆ ಹೆಂಗಸರ ಟೋಪಿಗಳದು!
ಸಮುದ್ರ ಮೂವತ್ತು ಮೈಲಿ ದೂರ, ನಿನಗ್ಯಾಕೋ ದೋಣಿ
ಎಂದು ನಕ್ಕೆ. ಅವನೂ ನಕ್ಕ.

ಇನ್ನು ಕಾಲ್ನಡಿಗೆ. ನೀನು ಮುಂದಾಗು,
ನನ್ನ ಮಂಡಿಗೆ ಅವಸರವಿಲ್ಲ.
ಜರೀಗಿಡ ಸೊಂಟದವರೆಗೆ; ಜೌಗು ನೆಲ ಬೂಟು ಹಿಡಿದು
ಕೊಡಲೊಲ್ಲೆನೆಂದು ಚಪ್ಪರಿಸುತ್ತದೆ.
ಹಳ್ಳದಾಚೆ ಸೂರಿಲ್ಲದ ಗೋಡೆಗಳು. ಅವನವಲ್ಲ,
ಅವನ ಮುತ್ತಜ್ಜನ ಕಾಲದಲ್ಲಿ
ಕುರಿಗೆ ಹುಲ್ಲು ಬೇಕೆಂದು ಎಬ್ಬಿಸಿ ಅಟ್ಟಿದವರವು.
ಒಲೆಕಲ್ಲಿನ ನಡುವೆ ರೋವನ್ ಸಸಿ.
ಅವರು ಸರಿದರು. ಬೆರಳೆತ್ತಿದವರಿಲ್ಲ.

ಇದು ಅವನ ಮನೆ. ಬೀಗವಿಲ್ಲ, ಹಿಡಿಕೆಗೆ ಹಗ್ಗ.
ಒಳಗೆ ಒಂದು ಕಿಟಕಿ, ಅದರೆದುರು ಒಂದು ಕುರ್ಚಿ,
ತೋಳುಗಳು ಸವೆದು ನುಣುಪು.
ಕೂತೆ.

ಅಯ್ಯೋ,
ಇಲ್ಲಿಂದ ಇಡೀ ರಸ್ತೆ ಕಾಣುತ್ತದಲ್ಲೇ ಇಷ್ಬೆಲ್!
ಸೇತುವೆ, ಪೈನ್ ತೋಪು, ಸರೋವರದಂಚಿನ ಏಳು ತಿರುವು,
ಬಿಳಿ ಹಲಗೆಗಳನ್ನು ಒಂದೊಂದಾಗಿ ಎಣಿಸಬಹುದು.
ಕೆಂಪು ಚುಕ್ಕಿ ಸೇತುವೆಗೆ ಬಂದೊಡನೆ
ಎದ್ದು ಬೂಟು ತೊಟ್ಟರೆ
ಕೆಳಗಿಳಿಯಲು ಸರಿಯಾಗಿ ಹೊತ್ತು.

ಕಿಟಕಿಯ ದಂಡೆ ಮೇಲೆ ಕ್ಯಾಟಲಾಗುಗಳ ರಾಶಿ.
ಒಂದರ ಕವರೂ ಬಿಚ್ಚಿಲ್ಲ.

ಕೆಳಗೆ ರಸ್ತೆ ಖಾಲಿ,
ನಿನ್ನ ನೀಲಿ ಕಾರು ಉಗುರಿನಷ್ಟು.
ಬೆರಳೆತ್ತಿದೆ. ಯಾಕೋ ಸಾಲಲಿಲ್ಲ.
ಇಡೀ ಕೈ ಬೀಸಿದೆ, ಪ್ರವಾಸಿಗರ ಹಾಗೆ.