ನೂರ ಹದಿನೆಂಟು

ಹಾಜರಿ ಕೂಗುವುದಕ್ಕೇ ಹನ್ನೊಂದು ನಿಮಿಷ.
ಪೀರಿಯಡ್ಡು ನಲವತ್ತು.
ನೂರ ಹದಿನೆಂಟು ಹೆಸರು, ಒಂದೇ ಕಿಟಕಿ.
ಗ್ಬೋಕೋ ಊರಿನ ಕೆಂಪು ಧೂಳು
ಆ ಕಿಟಕಿಯಿಂದ ಫೀಸಿಲ್ಲದೆ ಒಳಗೆ ಬಂದು ಕೂರುತ್ತದೆ.

ಇರುವುದೊಂದೇ ಲೋಲಕ. ಹಿತ್ತಾಳೆ ಗುಂಡು,
ನನಗಿಂತ ಮೊದಲಿದ್ದ ಮೇಷ್ಟ್ರು ಬಿಟ್ಟುಹೋದದ್ದು.
ಮೊದಲ ಬೆಂಚಿನವರು ಮುಟ್ಟಿ ನೋಡುತ್ತಾರೆ,
ನಾಲ್ಕನೆಯವರು ಕತ್ತು ಉದ್ದ ಮಾಡುತ್ತಾರೆ,
ಎಂಟನೆಯ ಬೆಂಚಿಗೆ ಅದೊಂದು ವದಂತಿ.
ಗೋಡೆಗೊರಗಿ ನಿಂತವರು
ನನ್ನ ತುಟಿ ಅಲ್ಲಾಡುವುದನ್ನೇ
ಆಂದೋಲನ ಎಂದು ಬರೆದುಕೊಳ್ಳುತ್ತಾರೆ.

ರಾತ್ರಿ ಟಾರ್ಚಿನ ಬೆಳಕಲ್ಲಿ ಉತ್ತರ ತಿದ್ದುವಾಗ ಕಾಣುತ್ತದೆ:
ಮೂರನೆಯ ಬೆಂಚಿನಲ್ಲಿ ತಪ್ಪಿದ ಒಂದು ದಶಾಂಶ ಬಿಂದು
ಹಿಂದೆ ಹಿಂದೆ ನಡೆದು, ಗೋಡೆ ಮುಟ್ಟುವಷ್ಟರಲ್ಲಿ
ಮೂವತ್ತು ಮಕ್ಕಳನ್ನು ಫೇಲು ಮಾಡಿದೆ.

ತರಗತಿಯ ಗಾತ್ರಕ್ಕೂ ಅಂಕಕ್ಕೂ ಏನು ಸಂಬಂಧ
ಎಂದು ಮಕುರ್ದಿಯಿಂದ ಒಬ್ಬ ಬಂದಿದ್ದ, ಫಾರಂ ಹಿಡಿದು.
ಗಾತ್ರ ಬರೆದೆ. ಅಂಕ ಬರೆದೆ.
ಕಾರಣ ಎಂಬಲ್ಲಿ
ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದರು.

ಆಮೇಲೆ ಒಂದು ಗುರುವಾರ
ಬಾಗಿಲು ತಳ್ಳಿದರೆ ಹತ್ತೊಂಬತ್ತೇ ಜನ.
ಯಾಕೆಂದು ಕೇಳಲಿಲ್ಲ. ಕೇಳಲಿಲ್ಲ ನಾನು.
ದನಿ ಏರಿಸಬೇಕಿರಲಿಲ್ಲ,
ಎಲ್ಲರ ಕಣ್ಣೂ ಎಣಿಕೆಗೆ ಸಿಗುತ್ತಿದ್ದವು.
ಹೆಂಬಾದೂನ್, ಎರಡು ವರ್ಷದಲ್ಲಿ ನಾನು ದನಿಯೇ ಕೇಳದ ಹುಡುಗಿ,
ಗುಂಡನ್ನು ಎಳೆದು, ಬಿಟ್ಟು, ಇಪ್ಪತ್ತು ತೂಗಾಟ ಎಣಿಸಿ,
ಬಿಚ್ಚಿ, ಬೀಗ ಕಟ್ಟಿ, ಮತ್ತೆ ಎಣಿಸಿ,
"ಸರ್, ಭಾರ ಬೇರೆ ಆದರೂ ಹೊತ್ತು ಅಷ್ಟೇ ಇದೆಯಲ್ಲ?" ಅಂದಳು,
ಯಾರೋ ತನಗೆ ಮೋಸ ಮಾಡಿದ ಹಾಗೆ.
ಕಲ್ಲು ಕಟ್ಟಿದೆವು.
ಓರ್ಫೆಗಾನ ಬುತ್ತಿಯ ಯಾಮ್ ಗೆಡ್ಡೆಯ ತುಂಡು ಕಟ್ಟಿದೆವು.
ಅಷ್ಟೇ ಹೊತ್ತು. ಅಷ್ಟೇ ಹೊತ್ತು.
ಒಂಬತ್ತು ವರ್ಷದ ನೌಕರಿಯಲ್ಲಿ
ನಾನು ಪಾಠ ಮಾಡಿದ್ದು ಅದೊಂದು ದಿನ.

ಗಂಟೆ ಹೊಡೆದು ಹೊರಗೆ ಬಂದರೆ
ಗೇಟಿನಾಚೆ ಮಾವಿನ ಮರದಡಿ
ಫೀಸು ಕಟ್ಟದ ತೊಂಬತ್ತೊಂಬತ್ತು ಮಂದಿ,
ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಸಾಲಾಗಿ,
ಬೆಂಚಿನ ಮೇಲೆ ಕೂರುವ ಕ್ರಮದಲ್ಲೇ.
"ಇವತ್ತು ಏನಾಯಿತು ಸರ್?" ಎಂದು ಯಾರೋ ಕೇಳಿದರು.
ನನ್ನ ಮುಖದ ಮೇಲೆ ಖುಷಿ ಇನ್ನೂ ಆರಿರಲಿಲ್ಲ.
ಅದನ್ನು ಒರೆಸಿಕೊಳ್ಳಲು
ಸೀಮೆಸುಣ್ಣದ ಕೈಯಷ್ಟೇ ಇತ್ತು.

ಸೋಮವಾರ ಮತ್ತೆ ಕಿಕ್ಕಿರಿದು ತುಂಬಿತು ಕೋಣೆ.
ನೂರ ಹನ್ನೊಂದು.
ಫಾರಂನವನು ಬಂದರೆ, ಗಾತ್ರ ಇಳಿದಿದೆ ಎಂದು ಬರೆಯಬೇಕು.
ಉತ್ತರ ಬಾರದ ಏಳು ಹೆಸರನ್ನು
ಎರಡೆರಡು ಸಲ ಕೂಗಿದೆ.
ಹನ್ನೆರಡು ನಿಮಿಷ.